ಹಳೇ ಇಂದ್ರಜಾಲ ಕಾಮಿಕ್ಸ್, ಪೇಪರಿನಿಂದ ಕತ್ತರಿಸಿಟ್ಟ ಸ್ಟ್ರಿಪ್‌ಗಳು: ಬೆಂಗಳೂರಿನ ಮನೆಯಲ್ಲಿ ಉಳಿಸಿಕೊಳ್ಳೋದು ಹೇಗೆ?

ಗಾಂಧಿಬಜಾರ್_ಗಿರಾಕಿ:

ಎಲ್ಲರಿಗೂ ನಮಸ್ಕಾರ. ಸಂಗ್ರಹ ಹೀಗಿದೆ. ಇಂದ್ರಜಾಲ ಕಾಮಿಕ್ಸ್ 140, ಬಹುಪಾಲು 1970ರ ದಶಕದವು. ಅಮರ ಚಿತ್ರಕಥೆ ಅರವತ್ತು ಚಿಲ್ಲರೆ. ಇವಲ್ಲದೆ ಎರಡು ರಟ್ಟಿನ ಪೆಟ್ಟಿಗೆ ತುಂಬ ದಿನಪತ್ರಿಕೆಯ ಕಟಿಂಗ್‌ಗಳು: ಫ್ಯಾಂಟಮ್, ಮ್ಯಾಂಡ್ರೇಕ್, ಪೀನಟ್ಸ್, ಕ್ಯಾಲ್ವಿನ್ ಅಂಡ್ ಹಾಬ್ಸ್, ಜೊತೆಗೆ ಕನ್ನಡ ಪತ್ರಿಕೆಗಳ ಪಾಕೆಟ್ ಕಾರ್ಟೂನ್‌ಗಳು. ಕಟಿಂಗ್‌ಗಳಲ್ಲಿ ಅರ್ಧ ಬಿಡಿ ಚೂರುಗಳು, ಉಳಿದರ್ಧ ಸ್ಕ್ರ್ಯಾಪ್‌ಬುಕ್‌ಗೆ ಗೋಂದು ಹಾಕಿ ಅಂಟಿಸಿದವು.

ಈಗಿನ ಸ್ಥಿತಿ: ಇಂದ್ರಜಾಲದ ಪಿನ್ನುಗಳಿಗೆ ತುಕ್ಕು ಹಿಡಿದು ನಡು ಹಾಳೆ ಸಡಿಲವಾಗಿದೆ. ಕೆಲವಕ್ಕೆ ದಪ್ಪ ಪ್ಲಾಸ್ಟಿಕ್ ಕವರ್ ಹಾಕಿತ್ತು, ಅದು ಜಿಗುಟಾಗಿ ಮುಖಪುಟಕ್ಕೇ ಕಚ್ಚಿಕೊಂಡಿದೆ. ಹತ್ತಿಪ್ಪತ್ತು ಪುಟಗಳಿಗೆ ಸೆಲೋಟೇಪ್, ಅದೀಗ ಕಂದು ಬಣ್ಣ. ಅಲ್ಲಲ್ಲಿ ಹುಳು ಕೊರೆದಿದೆ. ಬಿಡಿ ಕಟಿಂಗ್‌ಗಳ ಮೇಲೆ ತಾರೀಖು ಬರೆದಿಲ್ಲ. ಎಲ್ಲವೂ ಮೇಲಿನ ಮಹಡಿಯ ಅಟ್ಟದಲ್ಲಿವೆ, ತಾರಸಿ ನೇರ ಮೇಲೇ.

ಮಾರುವ ಉದ್ದೇಶ ಇಲ್ಲ. ಓದಬೇಕು, ಇನ್ನು ಮೂವತ್ತು ನಲವತ್ತು ವರ್ಷ ಆದಮೇಲೂ ಯಾರಾದರೂ ಕೈಯಲ್ಲಿ ಹಿಡಿದು ಓದುವ ಹಾಗಿರಬೇಕು. ಎಲ್ಲವನ್ನೂ ಲ್ಯಾಮಿನೇಷನ್ ಮಾಡಿಸಿಬಿಡಿ ಅಂತ ಒಂದು ಸಲಹೆ ಬಂದಿದೆ. ಮಾಡಿಸಬಹುದಾ? ಖರ್ಚು ಐದಾರು ಸಾವಿರದೊಳಗೆ ಮುಗಿದರೆ ಒಳ್ಳೆಯದು.

---

ರಟ್ಟು_ರದ್ದಿ:

ಲ್ಯಾಮಿನೇಷನ್ ಬೇಡವೇ ಬೇಡ. ಬಿಸಿ ರೋಲರ್‌ನಲ್ಲಿ ಕರಗಿದ ಅಂಟು ಕಾಗದದ ನಾರಿನೊಳಗೆ ಇಳಿಯುತ್ತೆ, ಮತ್ತೆ ಬಿಡಿಸೋಕೆ ಆಗಲ್ಲ. ಕಾಗದದೊಳಗಿನ ಆಮ್ಲವೂ ಒಳಗೇ ಉಳಿಯುತ್ತೆ, ಹಳದಿ ಆಗೋದು ನಿಲ್ಲಲ್ಲ. ಹತ್ತು ವರ್ಷ ಕಳೆದ ಮೇಲೆ ಪ್ಲಾಸ್ಟಿಕ್ಕಿನ ನಡುವೆ ಕಂದು ಹಪ್ಪಳ ಇಟ್ಟಹಾಗೆ ಕಾಣುತ್ತೆ.

ಮೊದಲ ಕೆಲಸ, ಇವತ್ತೇ ಮಾಡಬಹುದಾದ್ದು, ದುಡ್ಡೇ ಬೇಡದ್ದು: ಅಟ್ಟದಿಂದ ಇಳಿಸಿ. ನ್ಯೂಸ್‌ಪ್ರಿಂಟನ್ನು ಮರ ಅರೆದು ಮಾಡ್ತಾರೆ, ಮರದ ಲಿಗ್ನಿನ್ ಅದರಲ್ಲೇ ಉಳಿದಿರುತ್ತೆ. ಬೆಳಕು, ಗಾಳಿ ತಾಗಿ ಲಿಗ್ನಿನ್ ಹಳದಿಯಾಗುತ್ತೆ. ಜೊತೆಗೆ ಹುಟ್ಟುವ ಆಮ್ಲ ನಾರನ್ನು ತುಂಡು ತುಂಡು ಮಾಡುತ್ತೆ. ಈ ಕ್ರಿಯೆ ಬಿಸಿ ಹೆಚ್ಚಿದಷ್ಟೂ ಜೋರು. ಅಂದಾಜಿಗೆ 10 ಡಿಗ್ರಿ ಏರಿದರೆ ವೇಗ ಎರಡರಷ್ಟು ಅಂತ ಲೆಕ್ಕ ಹಿಡೀರಿ. ಏಪ್ರಿಲ್ ಮಧ್ಯಾಹ್ನ ತಾರಸಿ ಕೆಳಗಿನ ಅಟ್ಟಕ್ಕೂ ಕೆಳಮನೆಯ ಒಳಕೋಣೆಗೂ ಅಷ್ಟು ವ್ಯತ್ಯಾಸ ಇದ್ದೇ ಇರುತ್ತೆ. ಅಂದರೆ ಅಟ್ಟದಲ್ಲಿ ಒಂದು ಬೇಸಿಗೆ ಕಳೆದರೆ ಒಳಕೋಣೆಯ ಎರಡು ಬೇಸಿಗೆಯ ವಯಸ್ಸಾಯಿತು.

ಸ್ಟೀಲ್ ಬೀರು ಒಳ್ಳೆಯದು, ಮರದ ಕಪಾಟಿಗಿಂತ ಮೇಲು, ಏಕೆಂದರೆ ಪ್ಲೈವುಡ್‌ನಿಂದ ಆಮ್ಲದ ಆವಿ ಬರುತ್ತೆ. ಬೀರುವನ್ನು ಹೊರಗೋಡೆಗೆ ಒತ್ತಿ ಇಡಬೇಡಿ. ಮಳೆಗಾಲದಲ್ಲಿ ಗೋಡೆ ಶೀತ ಹೀರಿ ಹಿಂಬದಿಯಲ್ಲಿ ಬೂಷ್ಟು ಬರುತ್ತೆ. ಒಳಗೋಡೆಗೆ, ನಾಲ್ಕು ಬೆರಳು ಬಿಟ್ಟು, ಕೆಳಗಿನ ಖಾನೆ ಖಾಲಿ ಬಿಟ್ಟು ಇಡಿ. ಬಚ್ಚಲುಮನೆ ಗೋಡೆಯ ಆಚೆಬದಿ ಅಂತೂ ಆಗೋದೇ ಇಲ್ಲ.

ಮುನ್ನೂರು ನಾನೂರು ರೂಪಾಯಿಗೆ ತೇವಾಂಶ ಅಳೆಯುವ ಚಿಕ್ಕ ಡಿಜಿಟಲ್ ಹೈಗ್ರೋಮೀಟರ್ ಸಿಗುತ್ತೆ, ಒಂದು ತಗೊಂಡು ಬೀರುವಿನೊಳಗೆ ಇಡಿ. ತೇವಾಂಶ ಶೇ 45ರಿಂದ 55 ಇದ್ದರೆ ಕಾಗದಕ್ಕೆ ಹಿತ. ಶೇ 65 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟು. ನಮ್ಮೂರಲ್ಲಿ ಜುಲೈ, ಆಗಸ್ಟ್ ಬೆಳಿಗ್ಗೆ ಶೇ 85 ದಾಟೋದೂ ಉಂಟು, ಮಾರ್ಚ್ ಮಧ್ಯಾಹ್ನ 30ಕ್ಕೆ ಇಳಿಯೋದೂ ಉಂಟು. ಈ ಏರಿಳಿತದಿಂದಲೇ ಕಾಗದ ಹಿಗ್ಗಿ ಕುಗ್ಗಿ ಮಡಿಕೆಯಲ್ಲಿ ಒಡೆಯುತ್ತೆ.

ತೇವ ಹೀರುವ ಹರಳು, ಸಿಲಿಕಾ ಜೆಲ್ ವಿಷಯದಲ್ಲಿ ಬಹಳ ಜನ ತಪ್ಪು ಮಾಡ್ತಾರೆ. ಶೇ 50 ತೇವದ ಗಾಳಿಯಲ್ಲಿ ಕಾಗದ ತನ್ನ ತೂಕದ ಶೇ 7ರ ಆಸುಪಾಸು ನೀರು ಹಿಡಿದಿಟ್ಟುಕೊಂಡಿರುತ್ತೆ. ಹತ್ತು ಕಿಲೋ ಕಾಮಿಕ್ಸ್ ಅಂದರೆ ಸುಮಾರು 700 ಗ್ರಾಂ ನೀರು. ನೂರು ಗ್ರಾಂ ಸಿಲಿಕಾ ಜೆಲ್ ಹೀರೋದು ಹೆಚ್ಚೆಂದರೆ 25-30 ಗ್ರಾಂ. ಮಳೆಗಾಲದಲ್ಲಿ ಪ್ಯಾಕ್ ಮಾಡಿ ನಾಲ್ಕು ಪುಡಿಕೆ ಹಾಕಿದರೆ ಏನೂ ಪ್ರಯೋಜನ ಇಲ್ಲ. ಪ್ಯಾಕ್ ಮಾಡಬೇಕಾದದ್ದು ಡಿಸೆಂಬರ್ ಕೊನೆಯಿಂದ ಫೆಬ್ರವರಿ ಒಳಗೆ, ಒಣ ದಿನ, ಮಧ್ಯಾಹ್ನ 11ರಿಂದ 3ರ ನಡುವೆ, ಮೀಟರ್ 45ರ ಹತ್ತಿರ ಇರುವಾಗ. ಆಗ ಮುಚ್ಚಿದ ಡಬ್ಬಿಯಲ್ಲಿ ಕಾಗದವೇ ಆ ಮಟ್ಟವನ್ನು ಕಾಯುತ್ತೆ, ಜೆಲ್ ಕಾವಲಿಗಷ್ಟೇ.

ಕವರ್: ಹಳೇ ದಪ್ಪ ಜಿಗುಟು ಪ್ಲಾಸ್ಟಿಕ್ ಪಿವಿಸಿ. ಮೆದುವಾಗಲು ಅದಕ್ಕೆ ಸೇರಿಸಿರುವ ಎಣ್ಣೆಯಂಥ ರಾಸಾಯನಿಕ ಹೊರಗೆ ಒಸರಿ ಮುದ್ರಣದ ಮಸಿಯನ್ನು ಕರಗಿಸುತ್ತೆ, ಪ್ಲಾಸ್ಟಿಕ್ ಹಳತಾದಂತೆ ಆಮ್ಲವನ್ನೂ ಬಿಡುತ್ತೆ. ಬೇಕಾದದ್ದು ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್. ಚಿಕ್ಕಪೇಟೆ, ಸುಲ್ತಾನ್‌ಪೇಟೆ ಕಡೆ ಬಟ್ಟೆ ಅಂಗಡಿಗಳಿಗೆ ಮಾರುವ ಪಳಪಳ ಹೊಳೆಯುವ ಬಿಒಪಿಪಿ ಚೀಲಗಳು ಪಾಲಿಪ್ರೊಪಿಲೀನೇ, ನೂರರ ಕಟ್ಟಲ್ಲಿ ಅಗ್ಗವಾಗಿ ಸಿಗುತ್ತವೆ. ಅನುಮಾನ ಇದ್ದರೆ ಒಂದು ಚೂರು ಕತ್ತರಿಸಿ ನೀರಿನಲ್ಲಿ ಒದ್ದೆ ಮಾಡಿ ಮುಳುಗಿಸಿ ಬಿಡಿ. ಪಾಲಿಪ್ರೊಪಿಲೀನ್ ತೇಲುತ್ತೆ, ಪಿವಿಸಿ ಮುಳುಗುತ್ತೆ. ಪಾಲಿಯೆಸ್ಟರ್ ಕೂಡ ಮುಳುಗುತ್ತೆ, ಹಾಗಾಗಿ ಮುಳುಗಿದ್ದಕ್ಕೆ ಇನ್ನೊಂದು ಪರೀಕ್ಷೆ: ತಾಮ್ರದ ತಂತಿಯನ್ನು ಗ್ಯಾಸ್ ಉರಿಯಲ್ಲಿ ಕೆಂಪಗೆ ಕಾಯಿಸಿ, ಪ್ಲಾಸ್ಟಿಕ್‌ಗೆ ಮುಟ್ಟಿಸಿ, ಮತ್ತೆ ಉರಿಗೆ ಹಿಡಿಯಿರಿ. ಜ್ವಾಲೆ ಹಸಿರಾದರೆ ಕ್ಲೋರಿನ್ ಇದೆ, ಅಂದರೆ ಪಿವಿಸಿ. ಕಿಟಕಿ ತೆರೆದು ಮಾಡಿ, ಆ ಹೊಗೆ ಕುಡಿಯಬಾರದು.

ಚೀಲದ ಅಗಲ ಕಾಮಿಕ್‌ನ ಅಗಲಕ್ಕಿಂತ ಒಂದು ಸೆಂಟಿಮೀಟರ್ ಹೆಚ್ಚು ಇರಲಿ, ಅಷ್ಟೇ. ಬಿಗಿಯಾದರೆ ಮೂಲೆ ಮಡಚುತ್ತೆ, ಸಡಿಲವಾದರೆ ಒಳಗೇ ಜಾರಿ ಅಂಚು ಸವೆಯುತ್ತೆ. ಬಾಯಿಯ ಅಂಟುಪಟ್ಟಿ ಮುಚ್ಚಳದ ಮೇಲಿದ್ದರೆ ಕಾಮಿಕ್ ಹೊರತೆಗೆಯುವಾಗ ಮುಖಪುಟಕ್ಕೆ ಕಚ್ಚಿ ಹರಿಯುತ್ತೆ. ಅಂಟು ಚೀಲದ ಬೆನ್ನ ಮೇಲೆ ಇರುವ ನಮೂನೆ ಕೇಳಿ, ಸಿಗದಿದ್ದರೆ ಆ ಪಟ್ಟಿಯನ್ನೇ ಕತ್ತರಿಸಿ ಬಾಯನ್ನು ಸುಮ್ಮನೆ ಹಿಂದಕ್ಕೆ ಮಡಚಿ.

ಬೆನ್ನಿಗೆ ರಟ್ಟು ಬೇಕು. ಬೈಂಡಿಂಗ್‌ನ ಬೂದು ರಟ್ಟು, ಸೀರೆ ಡಬ್ಬಿಯ ರಟ್ಟು ಎರಡೂ ಬೇಡ, ರದ್ದಿಯಿಂದ ಮಾಡಿದ್ದು, ಆಮ್ಲ ತುಂಬಿರುತ್ತೆ. ಚಿತ್ರಕಲೆ ಸಾಮಾನಿನ ಅಂಗಡಿಯಲ್ಲಿ ಆಸಿಡ್ ಫ್ರೀ ಅಂತ ನಮೂದಿಸಿದ 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಅನ್ನೋ ತೂಕ) ಹಾಳೆ ತಗೊಳ್ಳಿ. 22×30 ಇಂಚಿನ ಒಂದು ಹಾಳೆಯಲ್ಲಿ 7×10 ಇಂಚಿನ ಒಂಬತ್ತು ತುಂಡು ಬರುತ್ತವೆ. ಒಂದು ಚೀಲದಲ್ಲಿ ನಡುವೆ ರಟ್ಟು ಇಟ್ಟು ಬೆನ್ನಿಗೆ ಬೆನ್ನು ಎರಡು ಕಾಮಿಕ್ಸ್ ಹಾಕಬಹುದು. 140ಕ್ಕೆ 70 ರಟ್ಟು, ಎಂಟು ಹಾಳೆ ಸಾಕು. ಕತ್ತರಿಸುವ ಮೊದಲು ನಿಮ್ಮಲ್ಲಿರುವ ಅತಿ ದೊಡ್ಡ ಸಂಚಿಕೆಯನ್ನು ಅಳೆದು ನೋಡಿ. ಅಂಗಡಿಯವರ ಮಾತಿನ ಮೇಲೆ ನಂಬಿಕೆ ಬಾರದಿದ್ದರೆ ಕಾಗದದ ಆಮ್ಲ ತೋರಿಸುವ ಪಿಎಚ್ ಪೆನ್ನಿನಿಂದ ಒಂದು ಗೆರೆ ಎಳೆಯಿರಿ: ನೇರಳೆಯಾದರೆ ಸರಿ, ಹಳದಿಯಾದರೆ ಆಮ್ಲ. ಅರಿಶಿನದ ನೀರಿನ ಪರೀಕ್ಷೆ ಇಲ್ಲಿ ನಡೆಯಲ್ಲ, ಅರಿಶಿನ ಕೆಂಪಾಗೋದು ಕ್ಷಾರಕ್ಕೆ ಮಾತ್ರ.

---

ಚೌಕಟ್ಟು64:

ಮೇಲಿನದಕ್ಕೆ ಹುಳದ ವಿಷಯ ಸೇರಿಸ್ತೀನಿ, ಚಿಕ್ಕದಾಗಿ. ಮೇಲ್ಪದರ ಕೆರೆದ ಹಾಗೆ, ಅಂಚು ಅಂಕುಡೊಂಕಾಗಿ ತಿಂದಿದ್ದರೆ ಅದು ಸಿಲ್ವರ್‌ಫಿಶ್ ಅನ್ನೋ ಬೆಳ್ಳಿ ಹುಳು, ಅದಕ್ಕೆ ಗೋಂದು, ಗಂಜಿ ಅಂದರೆ ಪ್ರಾಣ. ಸೂಜಿ ತೂರಿಸಿದಂಥ ದುಂಡು ತೂತು, ಪುಟದಿಂದ ಪುಟಕ್ಕೆ ಸುರಂಗ ಇದ್ದರೆ ಬೇರೆ ಹುಳು, ಮೊಟ್ಟೆ ಒಳಗೇ ಇರಬಹುದು. ಮಣ್ಣಿನ ಗೆರೆ ಕಂಡರೆ ಗೆದ್ದಲು. ಆಗ ಕಾಮಿಕ್ಸ್ ಬಿಟ್ಟು ಮೊದಲು ಮನೆಗೆ ಔಷಧಿ ಹೊಡೆಸಿ.

ಮೊದಲ ಎರಡಕ್ಕೂ ಫ್ರೀಜರ್ ಸಾಕು. ಹತ್ತು ಹನ್ನೆರಡು ಸಂಚಿಕೆ ಒಂದು ದಪ್ಪ ಪಾಲಿಥಿನ್ ಚೀಲದಲ್ಲಿ ಹಾಕಿ, ಗಾಳಿ ಒತ್ತಿ ತೆಗೆದು, ಟೇಪ್ ಸುತ್ತಿ, ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ. ಹೊರಗೆ ತೆಗೆದಮೇಲೆ 24 ಗಂಟೆ ಚೀಲ ಬಿಚ್ಚಬಾರದು. ಅವಸರದಲ್ಲಿ ಬಿಚ್ಚಿದರೆ ತಣ್ಣಗಿರುವ ಕಾಗದದ ಮೇಲೆ ಹೊರಗಿನ ತೇವ ಹನಿಗಟ್ಟುತ್ತೆ, ಹೊಳಪು ಮುಖಪುಟಗಳು ಒಂದಕ್ಕೊಂದು ಅಂಟಿಕೊಳ್ತವೆ. ಅಮರ ಚಿತ್ರಕಥೆಗೆ ಈ ಅಪಾಯ ಹೆಚ್ಚು.

ನುಸಿಗುಳಿಗೆ ಹಾಕಬೇಡಿ. ಅದರ ಆವಿ ಉಸಿರಿಗೆ ಕೆಟ್ಟದ್ದು, ಮಕ್ಕಳಿರುವ ಮನೆಯಲ್ಲಂತೂ ಬೇಡವೇ ಬೇಡ. ಬೇವಿನೆಲೆ ಹಾಕೋರಿದ್ದಾರೆ, ಹಸಿ ಎಲೆ ತೇವ ಬಿಡುತ್ತೆ, ಕಲೆ ಮಾಡುತ್ತೆ. ಹುಳಕ್ಕೆ ಒಣ ಜಾಗ, ಗುಡಿಸಿದ ನೆಲ, ಗಂಜಿ ಇಲ್ಲದ ಅಂಟು ಇವೇ ಮದ್ದು.

---

ಹೊಲಿಗೆ_ಬೈಂಡು:

ಪಿನ್ನು, ಟೇಪು, ಹರುಕು ಈ ಮೂರರ ಬಗ್ಗೆ ಬರೀತೀನಿ.

ಪಿನ್ನು ತೆಗೆಯೋಕೆ ಆಫೀಸಿನ ಪಿನ್ ರಿಮೂವರ್ ಬಳಸಬೇಡಿ, ಅದು ಪುಟವನ್ನೇ ಕಚ್ಚಿ ಎಳೆಯುತ್ತೆ. ಕಾಮಿಕ್ ಅನ್ನು ನಡುಪುಟಕ್ಕೆ ತೆರೆದು ಮೇಜಿನ ಮೇಲೆ ಮಲಗಿಸಿ. ಪಿನ್ನಿನ ಕಾಲಿನ ಕೆಳಗೆ ಪಾಲಿಯೆಸ್ಟರ್ ಹಾಳೆಯ ಒಂದು ಸಣ್ಣ ಪಟ್ಟಿ ತೂರಿಸಿ, ಮೊಂಡು ಚಾಕುವಿನ ತುದಿಯಿಂದ ಎರಡೂ ಕಾಲನ್ನು ನೆಟ್ಟಗೆ ಎಬ್ಬಿಸಿ. ಆಮೇಲೆ ಮಗುಚಿ, ಬೆನ್ನ ಕಡೆಯಿಂದ ಪಿನ್ನಿನ ತಲೆಯನ್ನು ಸ್ವಲ್ಪಸ್ವಲ್ಪವೇ ಮೀಟಿ. ತುಕ್ಕಿನಿಂದ ಕಾಗದಕ್ಕೆ ಕಚ್ಚಿದ್ದರೆ ಎಳೆಯೋಕೆ ಹೋಗಬೇಡಿ, ಚಿಕ್ಕ ಕಟಿಂಗ್ ಪ್ಲೈಯರ್‌ನಿಂದ ಎರಡು ತುಂಡು ಮಾಡಿ ಒಂದೊಂದಾಗಿ ತೆಗೆಯಿರಿ. ಪುಡಿ ತುಕ್ಕನ್ನು ಮೆತ್ತನೆ ಬ್ರಶ್‌ನಿಂದ ಗುಡಿಸಿ. ಕಾಗದದೊಳಗೆ ಇಳಿದ ಕಂದು ಕಲೆ ಹಾಗೇ ಇರಲಿ. ನಿಂಬೆರಸ, ಬ್ಲೀಚ್ ಹಚ್ಚಿದರೆ ಅಲ್ಲೇ ತೂತು ಬೀಳುತ್ತೆ.

ಮತ್ತೆ ಕಟ್ಟೋಕೆ ಹೊಸ ಪಿನ್ನು ಬೇಡ. ಅದೇ ತೂತುಗಳಲ್ಲಿ ಬಿಳಿ ಹತ್ತಿದಾರ ಅಥವಾ ಲಿನನ್ ದಾರ ಹಾಕಿ: ಒಳಗಿನಿಂದ ಹೊರಗೆ, ಪಕ್ಕದ ತೂತಿನಿಂದ ಮತ್ತೆ ಒಳಗೆ, ಒಳಬದಿಯಲ್ಲಿ ಗಂಟು. ಎಳೆದು ಬಿಗಿಯಬೇಡಿ, ಹಾಳೆ ನಿಲ್ಲುವಷ್ಟು ಸಾಕು. ತೂತು ದೊಡ್ಡದಾಗಿದ್ದರೆ ಮೊದಲು ಮಡಿಕೆಗೆ ಜಪಾನಿ ಟಿಶ್ಯೂ ಅನ್ನೋ ಉದ್ದ ನಾರಿನ ತೆಳು ಕಾಗದದ ಪಟ್ಟಿ ಹಚ್ಚಿ, ಅದು ಒಣಗಿದ ಮೇಲೆ ಹೊಲಿಯಿರಿ. ನಡುಹಾಳೆ ಕಳಚಿದ್ದನ್ನು ಕಟ್ಟುವ ಮೊದಲು ಪುಟಸಂಖ್ಯೆ ನೋಡಿ. ಹಳೇ ಕಾಮಿಕ್ಸ್‌ನಲ್ಲಿ ನಡುವಿನ ನಾಲ್ಕು ಪುಟ ಬೇರೆ ಸಂಚಿಕೆಯಿಂದ ಬಂದಿರೋದು ಅಪರೂಪವೇನಲ್ಲ.

ಹರಿದದ್ದಕ್ಕೆ ಜಪಾನಿ ಟಿಶ್ಯೂ, ನ್ಯೂಸ್‌ಪ್ರಿಂಟಿಗೆ 5ರಿಂದ 10 ಜಿಎಸ್‌ಎಂ ಸಾಕು. ಕತ್ತರಿಯಿಂದ ಕತ್ತರಿಸಬೇಡಿ. ನೀರಲ್ಲಿ ಅದ್ದಿದ ಸಣ್ಣ ಬ್ರಶ್‌ನಿಂದ ಗೆರೆ ಎಳೆದು, ಆ ಗೆರೆಗುಂಟ ಎರಡು ಕೈಯಲ್ಲಿ ಎಳೆದು ಹರಿಯಿರಿ. ಅಂಚಿನಲ್ಲಿ ಕೂದಲಿನಂಥ ನಾರು ನಿಲ್ಲುತ್ತೆ, ಹಿಡಿತ ಬರೋದು ಆ ನಾರಿನಿಂದ. ಅಂಚು ನೆಟ್ಟಗಿದ್ದರೆ ಹತ್ತು ಸಲ ಪುಟ ತಿರುವುವಷ್ಟರಲ್ಲಿ ಪಕ್ಕದಲ್ಲೇ ಹೊಸ ಬಿರುಕು.

ಅಂಟಿಗೆ ಗೋಧಿ ಸ್ಟಾರ್ಚ್ ಬೇಕು, ಮೈದಾ ಅಲ್ಲ. ಮೈದಾದಲ್ಲಿ ಗ್ಲುಟೆನ್ ಇರುತ್ತೆ, ಬೇಗ ಹಳಸುತ್ತೆ, ಹುಳಕ್ಕೂ ಅದು ಪ್ರಿಯ. ಹಳೇ ಬೈಂಡರ್‌ಗಳು ಹುಳ ಬಾರದಿರಲಿ ಅಂತ ಮೈದಾ ಅಂಟಿಗೆ ಮೈಲುತುತ್ತ ಹಾಕ್ತಿದ್ದರು. ಹುಳ ಬರಲ್ಲ ನಿಜ, ಆದರೆ ತಾಮ್ರದ ಅಂಶ ಕಾಗದ ಹಾಳಾಗೋದನ್ನು ಜೋರು ಮಾಡುತ್ತೆ. ಹಾಗೆ ಬೈಂಡ್ ಮಾಡಿಸಿದ ಸಂಪುಟ ಇದ್ದರೆ ಬೆನ್ನಿನ ಹತ್ತಿರ ಕಂದು ಪಟ್ಟಿ ಇದೆಯಾ ನೋಡಿ.

ಒಂದು ಅಳತೆ ಸ್ಟಾರ್ಚ್, ಐದು ಅಳತೆ ನೀರು. ಅರ್ಧ ಗಂಟೆ ನೆನೆಸಿ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು, ಕೈ ಬಿಡದೆ ಕಲಕುತ್ತ 20-25 ನಿಮಿಷ ಬೇಯಿಸಿ, ಬಿಳಿ ಹೋಗಿ ಗಾಜಿನಂತೆ ಮಸುಕು ಪಾರದರ್ಶಕ ಆಗಬೇಕು. ಆರಿದ ಮೇಲೆ ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ, ಬೇಕಾದಷ್ಟನ್ನು ಮಾತ್ರ ನೀರು ಬೆರೆಸಿ ಮಜ್ಜಿಗೆ ಹದಕ್ಕೆ ತನ್ನಿ. ಫ್ರಿಜ್‌ನಲ್ಲಿ ನಾಲ್ಕೈದು ದಿನ ಇರುತ್ತೆ, ಹುಳಿ ವಾಸನೆ ಬಂದರೆ ಚೆಲ್ಲಿ. ಅಡುಗೆ ತಲೆನೋವು ಬೇಡ ಅಂದರೆ ಮಿಥೈಲ್ ಸೆಲ್ಯುಲೋಸ್ ಪುಡಿ 3 ಗ್ರಾಂ, ತಣ್ಣೀರು 100 ಮಿಲಿ, ರಾತ್ರಿಯಿಡೀ ಬಿಟ್ಟರೆ ಸಾಕು. ಹಿಡಿತ ಸ್ವಲ್ಪ ಕಡಿಮೆ, ಆದರೆ ತೆಳು ಕಾಗದಕ್ಕೆ ನಡೆಯುತ್ತೆ, ಹುಳವೂ ಮೂಸಲ್ಲ.

ಅಂಟನ್ನು ಟಿಶ್ಯೂಗೆ ಹಚ್ಚಿ, ಕಾಮಿಕ್‌ಗೆ ಹಚ್ಚಬೇಡಿ. ಹಚ್ಚಿದ ಟಿಶ್ಯೂವನ್ನು ಬ್ಲಾಟಿಂಗ್ ಪೇಪರ್ ಮೇಲೆ ಒಂದು ಕ್ಷಣ ಇಟ್ಟು ಹೆಚ್ಚಿನ ನೀರು ತೆಗೆಯಿರಿ. ಇದನ್ನು ಬಿಟ್ಟರೆ ನ್ಯೂಸ್‌ಪ್ರಿಂಟಿನಲ್ಲಿ ತೇವ ಹರಡಿ, ನಿಂತ ಅಂಚಿನಲ್ಲಿ ಕಂದು ಗೆರೆ ಬೀಳುತ್ತೆ, ಆ ಗೆರೆ ಹೋಗಲ್ಲ. ಹರುಕಿನ ಮೇಲೆ ಇಟ್ಟು, ನಾನ್‌ವೊವನ್ ಪಾಲಿಯೆಸ್ಟರ್ ಬಟ್ಟೆ, ಅದರ ಮೇಲೆ ಬ್ಲಾಟಿಂಗ್, ಮೇಲೆ ಗಾಜು, ಒಂದು ಕಿಲೋ ತೂಕ. ಹತ್ತು ನಿಮಿಷಕ್ಕೆ ಬ್ಲಾಟಿಂಗ್ ಬದಲಿಸಿ, ಆಮೇಲೆ ಒಂದೆರಡು ಗಂಟೆ ಬಿಡಿ. ಬಣ್ಣದ ಪುಟವಾದರೆ ಮೊದಲು ಮೂಲೆಯಲ್ಲಿ ಒದ್ದೆ ಹತ್ತಿಕಡ್ಡಿ ಒತ್ತಿ ನೋಡಿ. ಬಣ್ಣ ಹತ್ತಿಗೆ ಬಂದರೆ ಆ ಪುಟಕ್ಕೆ ನೀರಿನ ಕೆಲಸವೇ ಬೇಡ.

ಸೆಲೋಟೇಪ್: ಹಳತಾದದ್ದು ಎರಡು ಹಂತ ದಾಟಿರುತ್ತೆ. ಮೊದಲು ಅಂಟು ಜಿಗುಟಾಗಿ ಒಸರುತ್ತೆ, ಆಮೇಲೆ ಒಣಗಿ ಕಂದಾಗಿ ಪ್ಲಾಸ್ಟಿಕ್ ಪಟ್ಟಿ ತಾನೇ ಉದುರುತ್ತೆ. ಉದುರುವ ಹಂತದಲ್ಲಿದ್ದರೆ ಪಟ್ಟಿಯನ್ನು ಚಿಮಟಿಗೆಯಿಂದ ಎತ್ತಿ ತೆಗೆದು, ಕಲೆ ಹಾಗೇ ಬಿಡಿ, ಟಿಶ್ಯೂವಿನಿಂದ ಹರುಕು ಸೇರಿಸಿ. ಇನ್ನೂ ಗಟ್ಟಿ ಹಿಡಿದಿದ್ದರೆ ಮುಟ್ಟಬೇಡಿ. ಹೇರ್ ಡ್ರೈಯರ್, ಪೆಟ್ರೋಲ್, ಥಿನ್ನರ್ ಅಂತ ವಿಡಿಯೊಗಳಲ್ಲಿ ತೋರಿಸ್ತಾರೆ. ಬಿಸಿಯಲ್ಲಿ ಅಂಟು ಇನ್ನೂ ಒಳಗೆ ಇಳಿಯುತ್ತೆ, ಥಿನ್ನರ್ ಹಾಕಿದರೆ ಮಸಿಯೇ ಕದಡುತ್ತೆ. ನಿಜಕ್ಕೂ ಅಪರೂಪದ ಸಂಚಿಕೆಯಾಗಿದ್ದರೆ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ಪಾರಂಪರಿಕ ವಸ್ತುಗಳನ್ನು ಉಳಿಸುವ ಸಂಸ್ಥೆ ಇಂಟ್ಯಾಕ್‌ನ ಸಂರಕ್ಷಣಾ ಕೇಂದ್ರ ಇದೆ, ಕಾಗದದ ಕೆಲಸ ಬಲ್ಲವರು ಅಲ್ಲಿದ್ದಾರೆ, ಅವರಿಗೆ ತೋರಿಸಿ.

ಸ್ಕ್ರ್ಯಾಪ್‌ಬುಕ್‌ನಿಂದ ಕಟಿಂಗ್ ಬಿಡಿಸುವ ಆಸೆ ಬಿಟ್ಟುಬಿಡಿ. ಗೋಂದು ಹಾಕಿದ್ದು ನೀರಿಗೆ ಬಿಡಬಹುದು, ಆದರೆ ನೆನೆದ ನ್ಯೂಸ್‌ಪ್ರಿಂಟಿಗೆ ಒದ್ದೆ ಹಪ್ಪಳದಷ್ಟೂ ಬಲ ಇರಲ್ಲ. ಫೆವಿಕಾಲ್ ತರಹದ ಬಿಳಿ ಅಂಟಾದರೆ ನೀರಿಗೂ ಸರಿಯಾಗಿ ಬಿಡಲ್ಲ. ಪುಸ್ತಕದ ಹೊಲಿಗೆ ಬಿಚ್ಚಿ, ಹಾಳೆಗಳನ್ನು ಬಿಡಿ ಮಾಡಿ, ನಡುವೆ ಆಸಿಡ್ ಫ್ರೀ ತೆಳು ಹಾಳೆ ಇಟ್ಟು ಚಪ್ಪಟೆಯಾಗಿ ಡಬ್ಬಿಯಲ್ಲಿ ಇಡಿ. ಯಾವ ಕಟಿಂಗ್ ಯಾವುದರ ಪಕ್ಕ ಅಂಟಿಸಿದ್ದಾರೆ ಅನ್ನೋದೂ ಒಂದು ದಾಖಲೆ.

---

ಮಲ್ಲೇಶ್ವರ_ಮಸಿ:

ಕಟಿಂಗ್‌ಗಳಿಗೆ ಸೋಡಾ ಮತ್ತು ಮಿಲ್ಕ್ ಆಫ್ ಮೆಗ್ನೀಷಿಯಾ ಸ್ನಾನ ಯಾರೂ ಹೇಳಲಿಲ್ಲವಲ್ಲ. ಒಂದು ಲೀಟರ್ ಸಾದಾ ಸೋಡಾಗೆ ಒಂದು ಮಾತ್ರೆ, ದ್ರವವಾದರೆ 5 ಮಿಲಿ, ರಾತ್ರಿ ಫ್ರಿಜ್‌ನಲ್ಲಿಟ್ಟು, ಬೆಳಿಗ್ಗೆ ತಟ್ಟೆಗೆ ಹಾಕಿ ಕಟಿಂಗ್ ಅನ್ನು ಒಂದು ಗಂಟೆ ನೆನೆಸಿ ಒಣಗಿಸೋದು. ಸೋಡಾದ ಗ್ಯಾಸ್‌ನಿಂದ ಮೆಗ್ನೀಷಿಯಂ ಕರಗಿ ಕಾಗದಕ್ಕೆ ಇಳಿಯುತ್ತೆ, ಒಣಗಿದಾಗ ಕಾರ್ಬೊನೇಟ್ ಆಗಿ ಉಳಿದು ಆಮ್ಲವನ್ನು ತಡೆಯುತ್ತೆ. ಹಳೇ ಪದ್ಧತಿ, ಕೆಲಸ ಮಾಡುತ್ತೆ.

---

ರಟ್ಟು_ರದ್ದಿ:

ಮಸಿಯವರೇ, ರಸಾಯನಶಾಸ್ತ್ರ ಸರಿ, ಆದರೆ ಈ ಸಂಗ್ರಹಕ್ಕೆ ಬೇಡ ಅಂತಲೇ ಹೇಳ್ತೀನಿ. ಲಿಗ್ನಿನ್ ಇರುವ ಕಾಗದ ಕ್ಷಾರ ತಾಗಿದರೆ ಬಣ್ಣ ಗಾಢವಾಗುತ್ತೆ, ಹಳದಿ ಇದ್ದದ್ದು ಕಂದು ಆಗಬಹುದು. ಭಾನುವಾರದ ಬಣ್ಣದ ಸ್ಟ್ರಿಪ್ ಆದರೆ ಬಣ್ಣ ಕದಡುವ ಅಪಾಯ. ಒಣಗುವಾಗ ಅಲೆ ಏಳುತ್ತೆ. ಸೋಡಾ ಅಂತ ಉಪ್ಪು, ನಿಂಬೆ ಬೆರೆತದ್ದನ್ನು ತಂದು ಹಾಕಿದವರೂ ಇದ್ದಾರೆ. ಮಾಡಲೇಬೇಕು ಅಂದರೆ ಕಪ್ಪುಬಿಳುಪಿನದ್ದು, ಬಿಡಿಯಾದದ್ದು, ಈಗಾಗಲೇ ಸ್ಕ್ಯಾನ್ ಆಗಿರುವುದು, ಒಂದೇ ಒಂದು. ಸೊಳ್ಳೆಪರದೆಯ ನೈಲಾನ್ ಜಾಲರಿ ಮೇಲೆ ಮಲಗಿಸಿ ಜಾಲರಿ ಸಮೇತ ಅದ್ದಿ, ಜಾಲರಿ ಸಮೇತವೇ ಎತ್ತಿ. ಒಂದು ವಾರ ಬಿಟ್ಟು ಬಣ್ಣ ನೋಡಿ, ಆಮೇಲೆ ಮುಂದಿನದು.

ಸಾವಿರ ಕಟಿಂಗ್ ಇರುವಾಗ ಈ ಕೆಲಸಕ್ಕೆ ಹೋಗುವ ಸಮಯವನ್ನು ಸ್ಕ್ಯಾನಿಂಗಿಗೆ ಕೊಡೋದು ಒಳ್ಳೇದು.

---

ಚೌಕಟ್ಟು64:

ಸ್ಕ್ಯಾನಿಂಗ್ ಮಾತು ಬಂತಲ್ಲ, ತಾರೀಖು ಹುಡುಕೋದನ್ನೂ ಸೇರಿಸಿ ಹೇಳ್ತೀನಿ, ಎರಡೂ ಒಟ್ಟಿಗೇ ಆಗಬೇಕಾದ ಕೆಲಸ. ರಿಪೇರಿಗೆ ಮೊದಲೇ ಸ್ಕ್ಯಾನ್ ಆಗಲಿ.

ಸ್ಕ್ಯಾನರ್ ಸಿಸಿಡಿ (ಮಸೂರ, ಕನ್ನಡಿ ಇರುವ ದಪ್ಪ) ಮಾದರಿಯದ್ದಾದರೆ ಉತ್ತಮ. ತೆಳ್ಳಗಿನ ಅಗ್ಗದ ಸ್ಕ್ಯಾನರ್‌ಗಳು ಸಿಐಎಸ್ ಅನ್ನೋ ಇನ್ನೊಂದು ಮಾದರಿಯವು, ಗಾಜಿನಿಂದ ಎರಡು ಮಿಲಿಮೀಟರ್ ಎತ್ತರದಲ್ಲಿರುವುದೂ ಅವುಗಳಲ್ಲಿ ಮಸುಕು. ಬಿಡಿ ಕಟಿಂಗ್‌ಗೆ ನಡೆಯುತ್ತೆ, ಕಾಮಿಕ್‌ನ ಮಡಿಕೆ ಹತ್ತಿರ ನಡೆಯಲ್ಲ. 600 ಡಿಪಿಐ (ಇಂಚಿಗೆ 600 ಚುಕ್ಕಿ), 24 ಬಿಟ್ ಬಣ್ಣ, ಫೈಲು ಟಿಫ್ ನಮೂನೆಯಲ್ಲಿ. ಕಪ್ಪುಬಿಳುಪು ಸ್ಟ್ರಿಪ್ ಆದರೂ ಬಣ್ಣದಲ್ಲೇ ತೆಗೆಯಿರಿ. ಹಳದಿಯಾದ ಕಾಗದ ಕೆಂಪು ಚಾನೆಲ್‌ನಲ್ಲಿ (ಚಿತ್ರದ ಕೆಂಪು ಬಣ್ಣದ ಪದರದಲ್ಲಿ) ಹೆಚ್ಚುಕಡಿಮೆ ಬಿಳಿಯಾಗಿಯೇ ಕಾಣುತ್ತೆ, ನೀಲಿ ಚಾನೆಲ್‌ನಲ್ಲಿ ಕಪ್ಪು. ಓದುವ ಪ್ರತಿಗೆ ಕೆಂಪು ಚಾನೆಲ್ ಒಂದನ್ನೇ ಉಳಿಸಿಕೊಂಡರೆ ಅರ್ಧ ಕಲೆ ತಾನಾಗಿ ಮಾಯ. ಗ್ರೇಸ್ಕೇಲ್‌ನಲ್ಲಿ ತೆಗೆದಿದ್ದರೆ ಈ ದಾರಿ ಮುಚ್ಚಿಹೋಗುತ್ತೆ.

ಕಟಿಂಗ್‌ನ ಹಿಂದೆ ಕಪ್ಪು ಹಾಳೆ ಇಡಿ. ಸ್ಕ್ಯಾನರ್ ಮುಚ್ಚಳದ ಬಿಳಿ ಹಿನ್ನೆಲೆಯಲ್ಲಿ ಬೆನ್ನಬದಿಯ ಜಾಹೀರಾತು ಚಿತ್ರದೊಳಗೆ ಇಣುಕುತ್ತೆ, ಕಪ್ಪು ಇಟ್ಟರೆ ಇಣುಕಲ್ಲ. ಬಣ್ಣದ ಪುಟದಲ್ಲಿ ಚುಕ್ಕಿಗಳು ಸೇರಿ ಅಲೆಯಂಥ ವಿನ್ಯಾಸ ಬಂದರೆ ಸ್ಕ್ಯಾನ್ ಕಡಿಮೆ ಡಿಪಿಐಯಲ್ಲಿ ಮಾಡಬೇಡಿ, 600ರಲ್ಲಿ ತೆಗೆದು ಆಮೇಲೆ 300ಕ್ಕೆ ಇಳಿಸಿ. ಎ4 ಪುಟ 600ರಲ್ಲಿ ಸುಮಾರು 104 ಎಂಬಿ, 16×5 ಸೆಂಟಿಮೀಟರಿನ ಸ್ಟ್ರಿಪ್ 13-14 ಎಂಬಿ. ಸಾವಿರ ಸ್ಟ್ರಿಪ್ ಅಂದರೆ 14 ಜಿಬಿ ಆಸುಪಾಸು, ದೊಡ್ಡ ಮಾತಲ್ಲ. ಎರಡು ಡಿಸ್ಕ್‌ನಲ್ಲಿ ಇಡಿ, ಒಂದು ಬೇರೆ ಮನೆಯಲ್ಲಿರಲಿ. ಫೈಲಿನ ಹೆಸರು ವರ್ಷ, ತಿಂಗಳು, ದಿನ ಈ ಕ್ರಮದಲ್ಲೇ ಶುರುವಾಗಲಿ, ಆಗ ತಾನಾಗಿ ಸಾಲಾಗಿ ನಿಲ್ಲುತ್ತವೆ. ಹಿಂಬದಿಯನ್ನೂ ತಪ್ಪದೆ ಸ್ಕ್ಯಾನ್ ಮಾಡಿ, ಕಾರಣ ಮುಂದಿದೆ.

ತಾರೀಖು. ಭೂತಗನ್ನಡಿ ಹಿಡಿದು ಚೌಕಗಳ ನಡುವಿನ ಜಾಗ ನೋಡಿ. ಅಮೆರಿಕದಿಂದ ಬರುವ ಸ್ಟ್ರಿಪ್‌ಗಳಲ್ಲಿ ತಿಂಗಳು-ದಿನ ಸಣ್ಣದಾಗಿ ಬರೆದಿರುತ್ತೆ, ಮೊದಲು ತಿಂಗಳು: 3-7 ಅಂದರೆ ಮಾರ್ಚ್ 7. ಹಕ್ಕುಸ್ವಾಮ್ಯದ ಸಾಲಿನಲ್ಲಿ ವರ್ಷ. ಆದರೆ ಅದು ಮೂಲ ತಾರೀಖು. ನಮ್ಮ ಪತ್ರಿಕೆಯಲ್ಲಿ ಬಂದದ್ದು ಆಮೇಲೆ ಇರಬಹುದು. ಎರಡನ್ನೂ ಬೇರೆಬೇರೆ ಕಾಲಂನಲ್ಲಿ ಬರೆದಿಡಿ.

ಚಿತ್ರದಿಂದಲೂ ಕಾಲ ಗೊತ್ತಾಗುತ್ತೆ. ಫ್ಯಾಂಟಮ್ ಆದರೆ 1961ರವರೆಗೆ ವಿಲ್ಸನ್ ಮೆಕಾಯ್‌ರ ಸರಳ, ದಪ್ಪ ಗೆರೆ. ಅಲ್ಲಿಂದ 1994ರವರೆಗೆ ಸೈ ಬ್ಯಾರಿಯವರ ನೆರಳು ತುಂಬಿದ ಬಿಗಿ ಗೆರೆ. ಎರಡನ್ನು ಪಕ್ಕ ಇಟ್ಟರೆ ಮಗುವಿಗೂ ಗೊತ್ತಾಗುತ್ತೆ. ಫ್ಯಾಂಟಮ್‌ನ ದಿನದ ಕಥೆ ಬೇರೆ, ಭಾನುವಾರದ ಕಥೆ ಬೇರೆ, ಒಂದೇ ಸರಣಿ ಅಂದುಕೊಂಡು ಜೋಡಿಸಿದರೆ ಕಥೆ ಕೂಡಲ್ಲ. ಪೀನಟ್ಸ್‌ನ ದಿನದ ಸ್ಟ್ರಿಪ್ 1988ರ ಫೆಬ್ರವರಿ ಕೊನೆಯವರೆಗೂ ಸಮನಾದ ನಾಲ್ಕು ಚೌಕ. ಮೂರು ಚೌಕ ಅಥವಾ ಒಂದೇ ಉದ್ದ ಚೌಕ ಇದ್ದರೆ ಅದರ ನಂತರದ್ದು. 2000ದ ಫೆಬ್ರವರಿ 13ರ ಬಳಿಕ ಬಂದ ಪೀನಟ್ಸ್ ಎಲ್ಲವೂ ಮರುಮುದ್ರಣ. ಕ್ಯಾಲ್ವಿನ್ 1985ರ ನವೆಂಬರ್ 18ರಿಂದ 1995ರ ಡಿಸೆಂಬರ್ 31ರವರೆಗೆ, ನಡುವೆ 1991ರ ಮೇನಿಂದ 1992ರ ಜನವರಿವರೆಗೆ, 1994ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಕಲಾವಿದರ ರಜೆ, ಆಗಲೂ ಹಳೆಯದನ್ನೇ ಮತ್ತೆ ಹಾಕಿದರು. ಭಾನುವಾರದ ಸ್ಟ್ರಿಪ್‌ನ ಮೇಲಿನ ಸಾಲು ಕಾಣೆಯಾಗಿದ್ದರೆ ಕತ್ತರಿಯ ತಪ್ಪೇ ಆಗಬೇಕಿಲ್ಲ. ಜಾಗ ಉಳಿಸಲು ಪತ್ರಿಕೆಗಳೇ ಆ ಸಾಲನ್ನು ಬಿಡಬಹುದು, ಅದಕ್ಕೆಂದೇ ಬಿಡಬಹುದಾದ ಚೌಕಗಳನ್ನು ಇಟ್ಟು ಬರೆಯುವ ರೂಢಿ ಇದೆ.

ಇನ್ನು ಹಿಂಬದಿ. ಸಿನಿಮಾ ಜಾಹೀರಾತು, ಕ್ರಿಕೆಟ್ ಸ್ಕೋರ್ ಸಿಕ್ಕರೆ ದಿನವೇ ಸಿಕ್ಕಿತು. ಅದಿಲ್ಲದಿದ್ದರೆ ವಿಳಾಸ ನೋಡಿ. ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ಈಚೆಗಿನದು, ಅಂದೇ ಪಿನ್‌ಕೋಡ್ ಜಾರಿಗೆ ಬಂತು. ಬರೀ ಬೆಂಗಳೂರು-4 ಅಂತಿದ್ದರೆ ಅದರಿಂದ ಏನನ್ನೂ ಹೇಳೋಕಾಗಲ್ಲ, ಆಮೇಲೂ ಜನ ಹಾಗೇ ಬರೀತಿದ್ದರು. ಸರ್ಕಾರಿ ಟೆಂಡರ್‌ನಲ್ಲಿ ಮೈಸೂರು ರಾಜ್ಯ ಅಂತಿದ್ದರೆ 1973ರ ನವೆಂಬರ್ 1ಕ್ಕೆ ಮೊದಲು.

---

ಗಾಂಧಿಬಜಾರ್_ಗಿರಾಕಿ:

ಎಲ್ಲರಿಗೂ ತುಂಬಾ ಧನ್ಯವಾದ. ಪೆಟ್ಟಿಗೆಗಳು ಅಟ್ಟದಿಂದ ಕೆಳಗಿನ ಒಳಕೋಣೆಗೆ ಬಂದಿವೆ. ಎರಡು ಅನುಮಾನ ಉಳಿದಿವೆ. ಮುಖಪುಟಕ್ಕೆ ಕಚ್ಚಿಕೊಂಡಿರುವ ಪಿವಿಸಿ ಕವರ್ ಬಿಡಿಸೋದು ಹೇಗೆ? ಬಿಡಿ ಪಾಕೆಟ್ ಕಾರ್ಟೂನ್‌ಗಳು ಅಂಗೈಗಿಂತ ಚಿಕ್ಕವು, ಅವನ್ನು ಹೇಗೆ ಜೋಡಿಸೋದು?

---

ಹೊಲಿಗೆ_ಬೈಂಡು:

ಪಿವಿಸಿ: ಕಚ್ಚಿದ್ದನ್ನು ಕೋಣೆಯ ಬಿಸಿಯಲ್ಲಿ ಎಳೆಯಬೇಡಿ. ಪಾಲಿಥಿನ್ ಚೀಲದಲ್ಲಿ ಮುಚ್ಚಿ ಫ್ರೀಜರ್‌ನಲ್ಲಿ ಮೂರು ನಾಲ್ಕು ಗಂಟೆ ಇಡಿ. ತಣ್ಣಗಾದ ಪಿವಿಸಿ ಬಿರುಸಾಗಿ ಜಿಗುಟು ಕಡಿಮೆಯಾಗುತ್ತೆ. ಹುಳಕ್ಕೆ ಹೇಳಿದ 24 ಗಂಟೆಯ ಕಾಯುವಿಕೆ ಇಲ್ಲಿಗಲ್ಲ; ಹೊರತೆಗೆದ ತಕ್ಷಣ, ತೇವ ಕೂರುವ ಮೊದಲು, ಒಂದು ಮೂಲೆಯಿಂದ ಪಾಲಿಯೆಸ್ಟರ್ ಪಟ್ಟಿಯನ್ನು ನಡುವೆ ಜಾರಿಸುತ್ತ ಹೋಗಿ. ಪ್ಲಾಸ್ಟಿಕ್ ಅನ್ನು ಮೇಲಕ್ಕೆ ಎತ್ತದೆ ಹಿಂದಕ್ಕೆ ಮಡಚುತ್ತ ಬಿಡಿಸಿ. ಒಂದು ನಿಮಿಷದೊಳಗೆ ಆದಷ್ಟು ಆಯಿತು, ಉಳಿದದ್ದಕ್ಕೆ ಮತ್ತೆ ಫ್ರೀಜರ್. ಎರಡು ಪ್ರತಿ ಇರುವ ಸಂಚಿಕೆಯಲ್ಲಿ ಮೊದಲು ಕೈ ಪಳಗಿಸಿಕೊಳ್ಳಿ. ಬಣ್ಣ ಪ್ಲಾಸ್ಟಿಕ್ಕಿಗೆ ಬರೋದು ಕಂಡರೆ ಅಲ್ಲಿಗೇ ನಿಲ್ಲಿಸಿ, ಅಂಟಿದ ಭಾಗದ ಸುತ್ತ ಪ್ಲಾಸ್ಟಿಕ್ ಕತ್ತರಿಸಿ ಅಷ್ಟನ್ನು ಹಾಗೇ ಬಿಡಿ. ಆ ಸಂಚಿಕೆಗೆ ಬೇರೆ ಚೀಲ, ಪಕ್ಕದ್ದಕ್ಕೆ ತಾಗಬಾರದು.

ಪಾಕೆಟ್ ಕಾರ್ಟೂನ್: 120 ಜಿಎಸ್‌ಎಂ ಆಸಿಡ್ ಫ್ರೀ ಎ4 ಹಾಳೆಯ ಮೇಲೆ ಆರು ಅಥವಾ ಎಂಟು ಇಟ್ಟು, ಅಂಟು ಹಾಕದೆ, ಪ್ರತಿಯೊಂದರ ಎರಡು ಎದುರುಮೂಲೆ ಕೂರುವಂತೆ ಹಾಳೆಯಲ್ಲೇ ಬ್ಲೇಡಿನಿಂದ ಓರೆ ಸೀಳು ಮಾಡಿ ಮೂಲೆ ತೂರಿಸಿ, ಹಳೇ ಫೋಟೊ ಆಲ್ಬಮ್‌ಗಳಲ್ಲಿ ಇರ್ತಿತ್ತಲ್ಲ ಹಾಗೆ. ಮೂಲೆ ಪುಡಿಯಾಗುವಷ್ಟು ಒಣಗಿದ ಚೂರಾದರೆ ಸೀಳು ಬೇಡ, ಚಿಕ್ಕ ಪಾಲಿಪ್ರೊಪಿಲೀನ್ ಚೀಲ ಒಂದೊಂದಕ್ಕೆ. ಪತ್ರಿಕೆ, ತಾರೀಖು, ಪುಟ ಎಲ್ಲವನ್ನೂ ಎಚ್‌ಬಿ ಪೆನ್ಸಿಲ್‌ನಲ್ಲಿ ಹಾಳೆಯ ಮೇಲೆ ಬರೆಯಿರಿ, ಕಟಿಂಗ್ ಮೇಲಲ್ಲ. ಬಾಲ್‌ಪೆನ್ನಿನ ಮಸಿ ಆಚೆಬದಿಗೆ ಇಳಿಯುತ್ತೆ. ಇನ್ನು ಮುಂದೆ ಹೊಸದಾಗಿ ಕತ್ತರಿಸುವಾಗ ಚೌಕಟ್ಟಿನ ಹೊರಗೆ ಅರ್ಧ ಸೆಂಟಿಮೀಟರ್ ಬಿಟ್ಟು ಕತ್ತರಿಸಿ, ಸಹಿ, ಹಕ್ಕುಸ್ವಾಮ್ಯದ ಸಾಲು ಅಲ್ಲೇ ಇರುತ್ತೆ.

---

ಮಲ್ಲೇಶ್ವರ_ಮಸಿ:

ಸ್ನಾನದ ವಿಷಯದಲ್ಲಿ ರದ್ದಿಯವರ ಮಾತು ಒಪ್ಪಿದೆ, ಬಣ್ಣದವಕ್ಕೆ ಬೇಡ. ಒಂದು ಸೇರಿಸ್ತೀನಿ: ಕನ್ನಡ ಪಾಕೆಟ್ ಕಾರ್ಟೂನ್‌ಗಳಲ್ಲಿ ಸಹಿ ಓದೋಕೆ ಬಾರದಿದ್ದರೆ ಎಂ.ಜಿ. ರಸ್ತೆ ಕೊನೆ, ಟ್ರಿನಿಟಿ ಸರ್ಕಲ್ ಹತ್ತಿರ ಮಿಡ್‌ಫೋರ್ಡ್ ಗಾರ್ಡನ್‌ನಲ್ಲಿ ಇಂಡಿಯನ್ ಕಾರ್ಟೂನ್ ಗ್ಯಾಲರಿ ಇದೆ. ಮೂಲ ಕಟಿಂಗ್ ಒಯ್ಯಬೇಡಿ, ಸ್ಕ್ಯಾನ್ ಪ್ರತಿ ಒಯ್ದು ತೋರಿಸಿ ಕೇಳಿ. ಡೆಕ್ಕನ್ ಹೆರಾಲ್ಡ್‌ನ ವ್ಯಂಗ್ಯಚಿತ್ರಕಾರರಾಗಿದ್ದ ಬಿ.ವಿ. ರಾಮಮೂರ್ತಿಯವರ ಮಿಸ್ಟರ್ ಸಿಟಿಜನ್ ಕಾರ್ಟೂನ್ ಏನಾದರೂ ನಿಮ್ಮ ಪೆಟ್ಟಿಗೆಯಲ್ಲಿದ್ದರೆ ಅವನ್ನು ಬೇರೆ ಹಾಳೆಗಳಲ್ಲಿ ಒಟ್ಟಿಗೆ ಇಡಿ, ಬೆಂಗಳೂರಿನ ಬಸ್ಸು, ನೀರು, ರಸ್ತೆಯ ಕಥೆ ದಿನದಿನಕ್ಕೆ ಅವುಗಳಲ್ಲಿದೆ, ತಾರೀಖು ಹಚ್ಚಿದರೆ ಓದೋಕೆ ಇನ್ನೂ ಚೆನ್ನ.